ಬೆಂಗಳೂರಿನಿಂದ ಮಂಗಳೂರಿಗೆ ಎಷ್ಟು ದೂರ?

ಭೂಪಟದ ಮೇಲೆ ನೇರ ಗೆರೆ ಎಳೆದರೆ ಬೆಂಗಳೂರಿನಿಂದ ಮಂಗಳೂರಿಗೆ ಸುಮಾರು 300 ಕಿ.ಮೀ. ಶಿರಾಡಿ ಘಾಟಿ ಇಳಿದು ರಸ್ತೆಯಲ್ಲಿ ಹೋದರೆ ಸುಮಾರು 350 ಕಿ.ಮೀ. ವಿಮಾನದ ವೇಳಾಪಟ್ಟಿಯಲ್ಲಿ ಕಾಣುವುದು ಹೆಚ್ಚೂಕಡಿಮೆ ಒಂದು ಗಂಟೆ. ಇಷ್ಟು ಹೇಳಿದರೆ ಪ್ರಶ್ನೆಗೆ ಉತ್ತರ ಸಿಕ್ಕಿತು ಅನ್ನಿಸುತ್ತದೆ. ಆದರೆ ಇದೇ ಎರಡು ಊರುಗಳ ನಡುವೆ ರೈಲಿನಲ್ಲಿ ಹೋಗಬೇಕಾದವರು 1979ರವರೆಗೆ 800 ಕಿ.ಮೀ.ಗೂ ಹೆಚ್ಚು ಸುತ್ತಬೇಕಿತ್ತು. ಬೆಂಗಳೂರಿನಿಂದ ಪೂರ್ವಕ್ಕೆ ಜೋಲಾರಪೇಟೆಗೆ ಹೋಗಿ, ಅಲ್ಲಿಂದ ಸೇಲಂ, ಈರೋಡು, ಕೊಯಮತ್ತೂರು, ಪಾಲಕ್ಕಾಡು, ಷೊರನೂರು ದಾಟಿ, ಕೋಯಿಕ್ಕೋಡ್, ಕಣ್ಣೂರು, ಕಾಸರಗೋಡಿನ ಕರಾವಳಿ ಹಿಡಿದು ಮಂಗಳೂರು ಸೇರಬೇಕು. ಪಶ್ಚಿಮದ ಊರಿಗೆ ಹೋಗಲು ಪೂರ್ವಕ್ಕೆ ಮುಖ ಮಾಡಿ ಹೊರಡಬೇಕಾದ ಈ ಸ್ಥಿತಿ ಸ್ವಾತಂತ್ರ್ಯ ಬಂದು 32 ವರ್ಷ, ಏಕೀಕರಣವಾಗಿ 23 ವರ್ಷ ಕಳೆಯುವವರೆಗೂ ಇತ್ತು. ಘಟ್ಟ ಅಡ್ಡ ಇದ್ದದ್ದರಿಂದ ಹೀಗಾಯಿತು, ವಿಮಾನ ಬಂದಮೇಲೆ ದೂರ ಕರಗಿತು ಎಂಬುದು ಸಾಮಾನ್ಯವಾಗಿ ಕೇಳಿಬರುವ ವಿವರಣೆ. ಇದರ ಎರಡೂ ಭಾಗಗಳನ್ನು ಪೂರ್ತಿ ಒಪ್ಪಲು ಸಾಧ್ಯವಿಲ್ಲ ಎಂದು ನನಗನ್ನಿಸುತ್ತದೆ. ಈ ದೂರವನ್ನು ಬೆಟ್ಟಕ್ಕಿಂತ ಹೆಚ್ಚಾಗಿ ಬೆಳೆಸಿದ್ದು ಆಡಳಿತದ ಗಡಿಗಳು ಮತ್ತು ಯಾರಿಗಾಗಿ ದಾರಿ ಮಾಡಬೇಕು ಎಂಬ ತೀರ್ಮಾನಗಳು. ವಿಮಾನವಾದರೋ ಅದನ್ನು ಕೆಲವರಿಗೆ ಮಾತ್ರ, ಅದೂ ಅರ್ಧಂಬರ್ಧ, ಕಡಿಮೆ ಮಾಡಿತು.

ಮೊದಲು ನೆಲದ ಸಂಗತಿ ನೋಡೋಣ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಸಕಲೇಶಪುರದವರೆಗೆ ಪ್ರಯಾಣಿಕ ಹೆಚ್ಚುಕಡಿಮೆ ಅದೇ ಎತ್ತರದಲ್ಲಿ ಸಾಗುತ್ತಾನೆ. ಇಳಿಯಬೇಕಾದ್ದೆಲ್ಲ ಸಕಲೇಶಪುರ ದಾಟಿದ ಮೇಲೆ, ದೋಣಿಗಾಲ್‌ನಿಂದ ಗುಂಡ್ಯದತ್ತ ಹೋಗುವ ಸ್ವಲ್ಪ ದೂರದಲ್ಲಿ. ಅಂದರೆ 350 ಕಿ.ಮೀ. ದಾರಿಯ ಕಷ್ಟವೆಲ್ಲ ಅದರ ಒಂದು ಸಣ್ಣ ಪಾಲಿನಲ್ಲಿ ಅಡಗಿದೆ. ಆ ಪಾಲನ್ನು ಜನ ಯಾವತ್ತೂ ದಾಟುತ್ತಲೇ ಬಂದಿದ್ದಾರೆ. ಚಾರ್ಮಾಡಿ, ಶಿರಾಡಿ, ಬಿಸಿಲೆ, ಸಂಪಾಜೆ ಹೀಗೆ ಒಂದರ ಪಕ್ಕ ಒಂದು ಘಾಟಿ ಇರುವುದೇ ಅದಕ್ಕೆ ಸಾಕ್ಷಿ. ಉಪ್ಪು, ಒಣಮೀನು, ತೆಂಗು ಹೇರೆತ್ತುಗಳ ಬೆನ್ನ ಮೇಲೆ ಮೇಲಕ್ಕೆ ಹೋಗುತ್ತಿದ್ದವು, ಮಲೆನಾಡಿನ ಮೆಣಸು, ಅಡಿಕೆ, ಏಲಕ್ಕಿ ಕೆಳಕ್ಕೆ ಇಳಿಯುತ್ತಿದ್ದವು. ಹೈದರ್ ಮತ್ತು ಟಿಪ್ಪುವಿನ ಮೈಸೂರಿಗೆ ಮಂಗಳೂರು ಹೊರಗಿನ ಊರಾಗಿರಲಿಲ್ಲ, ರಾಜ್ಯದ ಮುಖ್ಯ ಬಂದರಾಗಿತ್ತು. ಎರಡನೇ ಆಂಗ್ಲೋ–ಮೈಸೂರು ಯುದ್ಧವನ್ನು ಮುಗಿಸಿದ 1784ರ ಒಪ್ಪಂದಕ್ಕೆ ಸಹಿ ಬಿದ್ದದ್ದು ಮಂಗಳೂರಿನಲ್ಲೇ. ಸಕಲೇಶಪುರದ ಬಳಿ, ಕರಾವಳಿಗೆ ಇಳಿಯುವ ದಾರಿಯನ್ನು ಕಾಯುವಂತೆ, ನಕ್ಷತ್ರದ ಆಕಾರದಲ್ಲಿ ಕಟ್ಟಿದ ಮಂಜರಾಬಾದ್ ಕೋಟೆ ಟಿಪ್ಪುವಿನ ಕಾಲದ್ದು. ಮುಖ್ಯವಲ್ಲದ ದಾರಿಗೆ ಯಾರೂ ಅಂಥ ಕೋಟೆ ಕಟ್ಟುವುದಿಲ್ಲ. ಹದಿನೆಂಟನೇ ಶತಮಾನದ ಕೊನೆಯಲ್ಲಿ, ಎತ್ತಿನ ನಡಿಗೆಯ ಕಾಲದಲ್ಲಿ, ಘಟ್ಟದ ಮೇಲು ಮತ್ತು ಕೆಳಗು ಒಂದೇ ಆಡಳಿತದ ಎರಡು ತುದಿಗಳಾಗಿದ್ದವು.

ಆ ನಂಟು ಕಡಿದದ್ದು 1799ರಲ್ಲಿ. ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರಿನ ನಡುಭಾಗ ಒಡೆಯರಿಗೆ ಹೋಯಿತು, ಕರಾವಳಿಯ ಕೆನರಾ ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಸೇರಿತು. ಮುಂದೆ ಕೆನರಾವನ್ನು ಒಡೆದು, 1862ರಲ್ಲಿ ಉತ್ತರದ ಭಾಗವನ್ನು ಮುಂಬಯಿ ಪ್ರಾಂತ್ಯಕ್ಕೆ ಕೊಟ್ಟರು, ಮಂಗಳೂರಿರುವ ದಕ್ಷಿಣ ಕನ್ನಡ ಮದರಾಸಿನಲ್ಲೇ ಉಳಿಯಿತು. 1799ರಿಂದ ಒಂದೂವರೆ ಶತಮಾನ ಮಂಗಳೂರಿನ ರಾಜಧಾನಿ ಮದರಾಸು. ಮೇಲ್ಮನವಿಯ ವ್ಯಾಜ್ಯಕ್ಕೆ ಮದರಾಸಿನ ಹೈಕೋರ್ಟು, ಪದವಿಗೆ ಮದರಾಸು ವಿಶ್ವವಿದ್ಯಾಲಯ. 1880ರಲ್ಲಿ ಆರಂಭವಾದ ಸಂತ ಅಲೋಶಿಯಸ್ ಕಾಲೇಜಿನಲ್ಲಿ ಓದಿದ ಹುಡುಗರು ಪರೀಕ್ಷೆ ಕಟ್ಟುತ್ತಿದ್ದದ್ದು ಮದರಾಸಿಗೆ. ಹಳಿಗಳು ಬಿದ್ದದ್ದೂ ಅದೇ ದಿಕ್ಕಿಗೆ. ಮದರಾಸಿನಿಂದ ಹೊರಟ ರೈಲುಮಾರ್ಗ ಪಾಲಕ್ಕಾಡಿನ ಕಣಿವೆಯ ಮೂಲಕ 1862ರಷ್ಟು ಹಿಂದೆಯೇ ಮಲಬಾರಿನ ಕಡಲು ಮುಟ್ಟಿತು. 1864ರಲ್ಲಿ ಬೆಂಗಳೂರು ದಂಡು ಜೋಲಾರಪೇಟೆಯ ಮೂಲಕ ಮದರಾಸಿಗೆ ಸೇರಿತು. ಮಲಬಾರಿನ ಮಾರ್ಗ ಉತ್ತರಕ್ಕೆ ಬೆಳೆಯುತ್ತ ಬೆಳೆಯುತ್ತ 1907ರಲ್ಲಿ ಮಂಗಳೂರಿಗೆ ಬಂದು ನಿಂತಿತು. ಎರಡೂ ಊರುಗಳಿಗೆ ರೈಲು ಬಂತು, ಆದರೆ ಎರಡೂ ಊರುಗಳ ಹಳಿ ನೋಡುತ್ತಿದ್ದದ್ದು ಮದರಾಸಿನತ್ತ. ಮದರಾಸಿನ ಕಚೇರಿಯಲ್ಲಿ ಕುಳಿತವರಿಗೆ ಮಂಗಳೂರು ತಮ್ಮ ಮಾರ್ಗದ ಕೊನೆಯ ನಿಲ್ದಾಣ. ಅಲ್ಲಿಂದ ಘಟ್ಟ ಹತ್ತಿಸಿ ಮೈಸೂರಿಗೆ ಇನ್ನೊಂದು ಮಾರ್ಗ ಕಟ್ಟಿದರೆ ಅವರಿಗೆ ಲಾಭವೇನು?

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದು ಹಗುರವಾದ ಆಕ್ಷೇಪವಲ್ಲ. ಶಿರಾಡಿಯ ಆಸುಪಾಸಿನ ಘಟ್ಟ ಕಡಿದು, ಮಳೆ ವಿಪರೀತ, ಕಾಡು ದಟ್ಟ, ಹೀಗಿರುವಾಗ ಹಳಿ ಹಾಕದಿದ್ದಕ್ಕೆ ಗಡಿಯನ್ನು ದೂರುವುದು ಏಕೆ ಎಂದು ಕೇಳಬಹುದು. ಉತ್ತರ ಇದೇ ಸಹ್ಯಾದ್ರಿಯ ಬೇರೆ ಕಡೆಗಳಲ್ಲಿದೆ. ಮುಂಬಯಿ ಮತ್ತು ಪುಣೆಯ ನಡುವಿನ ಭೋರ್ ಘಾಟಿಯನ್ನು ರೈಲು 1863ರಲ್ಲೇ ಹತ್ತಿತು. ಅಲ್ಲಿನ ಏರು 37ಕ್ಕೆ 1, ಅಂದರೆ 37 ಮೀಟರ್ ಸಾಗುವಷ್ಟರಲ್ಲಿ ಒಂದು ಮೀಟರ್ ಮೇಲೇರಬೇಕು. ನಾಸಿಕದ ಕಡೆಯ ಥಲ್ ಘಾಟಿ ಎರಡು ವರ್ಷಗಳ ನಂತರ ತೆರೆಯಿತು. ಕ್ಯಾಸಲ್‌ರಾಕ್‌ನಿಂದ ಗೋವೆಯ ಮುರಗಾವಿಗೆ ಇಳಿಯುವ ಮಾರ್ಗ 1880ರ ದಶಕದಲ್ಲೇ ಆಯಿತು, ಅದೂ ಪೋರ್ಚುಗೀಸರ ಮತ್ತು ಬ್ರಿಟಿಷರ ನಡುವಿನ ಗಡಿಯನ್ನು ದಾಟಿ. ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ಮಾರ್ಗದ ಏರು 50ಕ್ಕೆ 1, ಭೋರ್ ಘಾಟಿಗಿಂತ ಸೌಮ್ಯ. ಮುಂಬಯಿಯ ಹತ್ತಿ ವ್ಯಾಪಾರಕ್ಕೆ ಘಾಟಿ ಬೇಕಿತ್ತು, ಆದ್ದರಿಂದ ಹಣವೂ ಎಂಜಿನಿಯರರೂ ಸಾವಿರಾರು ಕೂಲಿಗಳೂ ಒದಗಿಬಂದರು. ಆ ಕೂಲಿಗಳಲ್ಲಿ ಸತ್ತವರ ಸಂಖ್ಯೆ ಅಪಾರ ಎಂಬುದನ್ನೂ ಇಲ್ಲಿ ಹೇಳಬೇಕು, ಎಂಜಿನಿಯರಿಂಗ್ ಸಾಹಸ ಎಂದು ಹೊಗಳಿ ಮುಂದೆ ಹೋಗುವಂಥ ಮಾತಲ್ಲ ಅದು. ಮಂಗಳೂರಿನ ಮಟ್ಟಿಗೆ ಕಾಫಿ ಇತ್ತು, ಹೆಂಚು ಇತ್ತು. ಮಂಜರಾಬಾದಿನ ತೋಟಗಳ ಕಾಫಿ ಎತ್ತಿನ ಗಾಡಿಗಳಲ್ಲಿ ಘಾಟಿ ಇಳಿದು ಮಂಗಳೂರಿನ ಕಾಫಿ ಕ್ಯೂರಿಂಗ್ ಕಾರ್ಖಾನೆಗಳಿಗೆ ಬಂದು, ಅಲ್ಲಿಂದ ಹಡಗು ಹತ್ತುತ್ತಿತ್ತು. ಅಷ್ಟು ಸರಕಿಗೆ ಗಾಡಿ ರಸ್ತೆ ಸಾಕೆಂದು ಎರಡೂ ಸರ್ಕಾರಗಳು ಸುಮ್ಮನಿದ್ದವು. ಮೈಸೂರಿಗೆ ಬಂದರಿನ ಆಸೆ ಇರಲಿಲ್ಲವೆಂದಲ್ಲ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಭಟ್ಕಳದಲ್ಲಿ ಬಂದರು ಮಾಡುವ ಯೋಜನೆ ಹಾಕಿದರು. ಭಟ್ಕಳವೂ ಮೈಸೂರಿನದಲ್ಲ, ಮುಂಬಯಿ ಪ್ರಾಂತ್ಯದ್ದು. ಸ್ವಂತ ಕಡಲತೀರವಿಲ್ಲದ ಸಂಸ್ಥಾನ ಪಕ್ಕದವರ ತೀರದಲ್ಲಿ ಬಂದರು ಬಯಸಬೇಕಾಗಿ ಬಂದದ್ದು, ಅದು ಕೈಗೂಡದೆ ಹೋದದ್ದು, ಗಡಿಯ ಬಲವನ್ನು ತೋರಿಸುತ್ತದೆ. ಮೈಸೂರಿನ ಹಳಿಗಳು ಹಾಸನಕ್ಕೆ ಬಂದು ಅಲ್ಲೇ ನಿಂತವು. ಹಾಸನದಿಂದ ಮಂಗಳೂರಿಗೆ ಉಳಿದದ್ದು ಸುಮಾರು 185 ಕಿ.ಮೀ. ಅಷ್ಟನ್ನು ತುಂಬಲು ಆರು ದಶಕ ಹಿಡಿಯಿತು.

ಈ ನಡುವೆ ವಿಮಾನ ಬಂತು. 1951ರ ಡಿಸೆಂಬರ್ 25ರಂದು ಮಂಗಳೂರಿನ ಹೊರಗೆ ಬಜ್ಪೆಯ ಗುಡ್ಡದ ಮೇಲೆ ವಿಮಾನ ನಿಲ್ದಾಣ ಶುರುವಾಯಿತು. ಪ್ರಧಾನಿ ನೆಹರೂ ಡಿಸಿ–3 ವಿಮಾನದಲ್ಲಿ ಬಂದಿಳಿದರು, ಆ ಕಾಲದ ಜನ ಡಕೋಟಾ ಎಂದು ಕರೆಯುತ್ತಿದ್ದ ವಿಮಾನ ಅದು. ಆ ದಿನ ಮಂಗಳೂರು ಇನ್ನೂ ಮದರಾಸು ರಾಜ್ಯದಲ್ಲಿತ್ತು, ಬೆಂಗಳೂರು ಮೈಸೂರು ರಾಜ್ಯದಲ್ಲಿತ್ತು. ಬೆಂಗಳೂರಿನಲ್ಲಿ ರನ್‌ವೇ ಮೊದಲೇ ಇತ್ತು. 1940ರಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸಂಸ್ಥಾನದ ನೆರವಿನಿಂದ ಸ್ಥಾಪಿಸಿದ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಗಾಗಿ ಆದದ್ದು ಅದು. ಹೀಗೆ ಎರಡು ಊರುಗಳೂ ಒಂದೇ ರಾಜ್ಯಕ್ಕೆ ಸೇರುವ ಐದು ವರ್ಷ ಮೊದಲೇ, ಅವುಗಳ ನಡುವೆ ನೇರ ಹಳಿ ಬೀಳುವ 28 ವರ್ಷ ಮೊದಲೇ, ಎರಡೂ ಕಡೆ ವಿಮಾನ ಇಳಿಯುವ ನೆಲ ಸಿದ್ಧವಾಯಿತು. ಆಕಾಶದಲ್ಲಿ ಘಟ್ಟವೂ ಇಲ್ಲ, ಸುಂಕದ ಕಟ್ಟೆಯೂ ಇಲ್ಲ. ಆದರೆ ಇದನ್ನು ದೂರದ ಸಮಸ್ಯೆಗೆ ಸಿಕ್ಕ ಪರಿಹಾರ ಎನ್ನುವ ಮೊದಲು ಡಕೋಟಾದ ಒಳಗೆ ಎಷ್ಟು ಆಸನಗಳಿದ್ದವು ಎಂದು ನೋಡಬೇಕು. ಸಾಮಾನ್ಯವಾಗಿ 21ರಿಂದ 28. ಘಾಟಿ ಇಳಿಯುವ ಒಂದು ಬಸ್ಸಿನಲ್ಲಿ ಅದಕ್ಕಿಂತ ಹೆಚ್ಚು ಜನ ಕೂರುತ್ತಾರೆ. ಘಾಟಿಯ ಮೇಲೆ ಹಾರಿಹೋಗುವ ಅನುಕೂಲ ಕೆಲವರಿಗೆ ಸಿಕ್ಕಿತು, ದೂರ ಉಳಿದವರಿಗೆ ಇದ್ದಷ್ಟೇ ಇತ್ತು.

1956ರ ನವೆಂಬರ್ 1ರಂದು ಗಡಿ ಹೋಯಿತು. ಗಡಿಯೇ ಕಾರಣವಾಗಿದ್ದರೆ ಮರುವರ್ಷವೇ ಹಳಿ ಬೀಳಬೇಕಿತ್ತಲ್ಲ ಎಂಬುದು ಎರಡನೇ ಆಕ್ಷೇಪ. ಇದು ನನ್ನ ವಾದಕ್ಕೆ ನಿಜವಾಗಿಯೂ ತೊಡಕು ಒಡ್ಡುತ್ತದೆ. ರಾಜ್ಯದ ಗಡಿ ಹೋದರೂ ರೈಲಿನ ತೀರ್ಮಾನ ದೆಹಲಿಯದು, ಅಲ್ಲಿ ಹೊಸ ಮಾರ್ಗಕ್ಕೆ ಹಣ ಸಿಗುವುದು ಸರಕಿನ ಲೆಕ್ಕದ ಮೇಲೆ. ಪಣಂಬೂರಿನಲ್ಲಿ ಹೊಸ ಬಂದರು ಕಟ್ಟುವ ನಿರ್ಧಾರವಾದ ಮೇಲೆ ಹಾಸನದ ಮಾರ್ಗಕ್ಕೆ ಜೀವ ಬಂತು. 1974ರಲ್ಲಿ ನವಮಂಗಳೂರು ಪ್ರಮುಖ ಬಂದರು ಎಂದು ಘೋಷಣೆಯಾಯಿತು, 1979ರಲ್ಲಿ ಹಾಸನ–ಮಂಗಳೂರು ಮೀಟರ್ ಗೇಜ್ ಮಾರ್ಗ ಪೂರ್ತಿಯಾಯಿತು. ಆದ್ದರಿಂದ ವಾದವನ್ನು ತಿದ್ದಿ ಹೇಳಬೇಕು: ಮೊದಲು ಅಡ್ಡ ಬಂದದ್ದು ಗಡಿ, ಆಮೇಲೆ ಅಡ್ಡ ಬಂದದ್ದು ಪ್ರಯಾಣಿಕನಿಗಿಂತ ಸರಕನ್ನು ಮುಂದಿಟ್ಟ ಯೋಜನೆ. ಎರಡೂ ಮನುಷ್ಯರು ಮಾಡಿದ್ದೇ.

ಆ ಮಾರ್ಗದ ಕೆಲಸವನ್ನು ಹತ್ತಿರದಿಂದ ನೋಡಿದರೆ ಅದರ ಕಷ್ಟ ಎಂಥದ್ದು ಎಂದು ತಿಳಿಯುತ್ತದೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಸುಮಾರು 55 ಕಿ.ಮೀ.ನಲ್ಲಿ 57 ಸುರಂಗಗಳು, 100ಕ್ಕೂ ಹೆಚ್ಚು ಸೇತುವೆಗಳು. ನಡುವಿನ ಎಡಕುಮೇರಿ ನಿಲ್ದಾಣದ ಸುತ್ತ ಕಾಡು ಬಿಟ್ಟು ಬೇರೇನಿಲ್ಲ. ಮಂಗಳೂರಿನಿಂದ ಬಂದ ರೈಲು ಸುಬ್ರಹ್ಮಣ್ಯ ರೋಡ್‌ನಲ್ಲಿ ನಿಂತಾಗ ಹಿಂದಿನಿಂದ ಹೆಚ್ಚುವರಿ ಎಂಜಿನ್ ಜೋಡಿಸುತ್ತಾರೆ. ಮುಂದಿನ ಎಂಜಿನ್ ಎಳೆಯುತ್ತದೆ, ಹಿಂದಿನದು ತಳ್ಳುತ್ತದೆ, ಸಕಲೇಶಪುರ ಮುಟ್ಟಿದ ಮೇಲೆ ಅದನ್ನು ಕಳಚುತ್ತಾರೆ. ಇಳಿಯುವಾಗ ಭಯ ಬ್ರೇಕಿನದು, ಆದ್ದರಿಂದ ಹೊರಡುವ ಮೊದಲು ಬ್ರೇಕಿನ ತಪಾಸಣೆ. ವೇಗ ಗಂಟೆಗೆ 30 ಕಿ.ಮೀ.ನ ಆಸುಪಾಸು. 55 ಕಿ.ಮೀ. ದಾಟಲು ಎರಡು ಗಂಟೆ ಹಿಡಿಯುತ್ತದೆ. ಅಷ್ಟರಲ್ಲಿ ವಿಮಾನ ಬೆಂಗಳೂರಿನಿಂದ ಮಂಗಳೂರಿಗೆ ಹೋಗಿ ವಾಪಸ್ಸು ಹೊರಟಿರುತ್ತದೆ. ಇಷ್ಟು ಕಷ್ಟಪಟ್ಟು ಕಟ್ಟಿದ ಮಾರ್ಗವನ್ನು 17 ವರ್ಷಗಳಲ್ಲಿ, 1996ರಲ್ಲಿ, ಬ್ರಾಡ್ ಗೇಜ್‌ಗೆ ಬದಲಿಸಲು ಮುಚ್ಚಿದರು. ಸರಕು ರೈಲು ಮತ್ತೆ ಓಡಿದ್ದು 2006ರಲ್ಲಿ, ಪ್ರಯಾಣಿಕರ ರೈಲು 2007ರ ಡಿಸೆಂಬರಿನಲ್ಲಿ. ಬೆಂಗಳೂರು ದೇಶದ ತಂತ್ರಾಂಶ ರಾಜಧಾನಿಯಾಗಿ ಬೆಳೆದದ್ದು ಸರಿಯಾಗಿ ಆ 11 ವರ್ಷಗಳಲ್ಲಿ. ಕರಾವಳಿಯ ಎಂಜಿನಿಯರಿಂಗ್ ಕಾಲೇಜುಗಳಿಂದ ಸಾವಿರಾರು ಹುಡುಗ ಹುಡುಗಿಯರು ಕೆಲಸಕ್ಕೆ ಬೆಂಗಳೂರಿಗೆ ಹೋದರು, ಅವರಿಗೆ ರಾಜಧಾನಿಯಿಂದ ಮನೆಗೆ ನೇರ ರೈಲು ಇರಲಿಲ್ಲ. ರಾತ್ರಿ ಬಸ್ಸು ಹತ್ತಿ ಬೆಳಗಾಗುವಾಗ ಮಂಗಳೂರಿನ ಪಂಪ್‌ವೆಲ್‌ನಲ್ಲೋ ಜ್ಯೋತಿಯಲ್ಲೋ ಇಳಿಯುವ ರೂಢಿ ಗಟ್ಟಿಯಾದದ್ದು ಹಾಗೆ. ಈ 11 ವರ್ಷಗಳ ಬಗ್ಗೆ ಯಾರೂ ಜೋರಾಗಿ ಉತ್ತರ ಕೇಳಲಿಲ್ಲ ಎಂಬುದು ನನಗೆ ಇವತ್ತಿಗೂ ನೋವಿನ ವಿಷಯ.

ಇನ್ನು ವಿಮಾನದ ಆ ಒಂದು ಗಂಟೆಯ ವಿಚಾರ. ಡಕೋಟಾ ಗಂಟೆಗೆ ಸುಮಾರು 270–290 ಕಿ.ಮೀ. ವೇಗದಲ್ಲಿ ಹಾರುತ್ತಿತ್ತು, ಲೆಕ್ಕ ಹಾಕಿದರೆ 300 ಕಿ.ಮೀ.ಗೆ ಒಂದು ಗಂಟೆಯ ಮೇಲೆ ಕೆಲವು ನಿಮಿಷ. ಅದರ ನಂತರ ಬಂದ ಆವ್ರೊದ ವೇಗ ಸುಮಾರು 450, ಈಗಿನ ಎಟಿಆರ್‌ನದು 500, ಏರ್‌ಬಸ್ ಮತ್ತು ಬೋಯಿಂಗ್ ಜೆಟ್‌ಗಳದು 800ಕ್ಕೂ ಹೆಚ್ಚು. ವೇಗ ಮೂರು ಪಟ್ಟಾದ ಮೇಲೆ ಪ್ರಯಾಣ 20–25 ನಿಮಿಷಕ್ಕೆ ಇಳಿಯಬೇಕಿತ್ತು. ವೇಳಾಪಟ್ಟಿ ಮಾತ್ರ ಇವತ್ತಿಗೂ ಒಂದು ಗಂಟೆ ಎಂದೇ ಹೇಳುತ್ತದೆ, ಕೆಲವು ಸಲ ಐದೋ ಹತ್ತೋ ನಿಮಿಷ ಹೆಚ್ಚೇ. ಇದಕ್ಕೆ ಕಾರಣಗಳು ಸ್ಪಷ್ಟವಾಗಿವೆ. ವೇಳಾಪಟ್ಟಿಯ ಹೊತ್ತು ಶುರುವಾಗುವುದು ವಿಮಾನ ನಿಂತ ಜಾಗ ಬಿಟ್ಟಾಗ, ಮುಗಿಯುವುದು ಇನ್ನೊಂದು ಕಡೆ ನಿಂತಾಗ. ನೆಲದ ಮೇಲೆ ರನ್‌ವೇವರೆಗೆ ಸಾಗಬೇಕು, ಸರದಿಯಲ್ಲಿ ಕಾಯಬೇಕು. ಜೆಟ್ ವಿಮಾನ ತನ್ನ ಪೂರ್ತಿ ವೇಗ ಪಡೆಯುವುದು ಎತ್ತರಕ್ಕೆ ಹೋದ ಮೇಲೆ. ಇಷ್ಟು ಹತ್ತಿರದ ಊರಿಗೆ ಹೋಗುವಾಗ ಏರಿ ಮುಗಿಯುವಷ್ಟರಲ್ಲಿ ಇಳಿಯಲು ಶುರು ಮಾಡಬೇಕು. ಇಳಿಯುವಾಗ ಗಾಳಿಯ ದಿಕ್ಕಿಗೆ ತಕ್ಕಂತೆ ರನ್‌ವೇಯ ಯಾವ ತುದಿ ಎಂದು ತೀರ್ಮಾನವಾಗಿ, ಅದಕ್ಕೆ ಒಂದು ಸುತ್ತು ಬಳಸಬೇಕು. ಮಳೆಗಾಲದಲ್ಲಿ ಬಜ್ಪೆಯ ಗುಡ್ಡವನ್ನು ಮೋಡ ಮುಚ್ಚಿದರೆ ಮೇಲೇ ಕಾಯಬೇಕು, ಇಲ್ಲವೇ ಬಂದ ದಾರಿಗೆ ತಿರುಗಬೇಕು. ದೂರದ ಹಾರಾಟದಲ್ಲಿ ಈ ನಿಮಿಷಗಳು ಲೆಕ್ಕಕ್ಕೆ ಬರುವುದಿಲ್ಲ. 300 ಕಿ.ಮೀ.ನಲ್ಲಿ ಇವೇ ಅರ್ಧಕ್ಕಿಂತ ಹೆಚ್ಚು. ಎಂಜಿನ್ನಿನ ವೇಗ ಎಷ್ಟು ಹೆಚ್ಚಿದರೂ ಕಡಿಮೆಯಾಗುವುದು ಉಳಿದ ಆ ಸ್ವಲ್ಪ ಭಾಗವಷ್ಟೇ.

ವಿಮಾನ ನೆಲದ ಹಂಗು ತೊರೆಯಿತು ಎನ್ನುವವರು ಬಜ್ಪೆಯ ಇತಿಹಾಸವನ್ನು ನೆನೆಯಬೇಕು. ಕರಾವಳಿಯಲ್ಲಿ ಉದ್ದನೆಯ ಸಮತಟ್ಟಾದ ನೆಲ ಸಿಗುವುದು ಕಷ್ಟ, ಇದ್ದ ಬಯಲೆಲ್ಲ ಗದ್ದೆ, ತೋಟ, ಮನೆ. ಗುಡ್ಡದ ನೆತ್ತಿಯನ್ನು ಸಮತಟ್ಟು ಮಾಡಿ ರನ್‌ವೇ ಮಾಡಿದರು, ಸುತ್ತ ಕಣಿವೆ. ಹಳೆಯ ರನ್‌ವೇಯ ಉದ್ದ ಸುಮಾರು 1,600 ಮೀಟರ್. 1981ರ ಆಗಸ್ಟ್‌ನಲ್ಲಿ ಇಂಡಿಯನ್ ಏರ್‌ಲೈನ್ಸ್‌ನ ಆವ್ರೊ ವಿಮಾನವೊಂದು ಅದರ ತುದಿ ದಾಟಿ ನಿಂತಿತು, ಪುಣ್ಯಕ್ಕೆ ಯಾರ ಜೀವವೂ ಹೋಗಲಿಲ್ಲ. 2,450 ಮೀಟರ್ ಉದ್ದದ ಹೊಸ ರನ್‌ವೇ ಆದದ್ದು 2006ರಲ್ಲಿ, ಅದೂ ಗುಡ್ಡದ ಮೇಲೆಯೇ. 2010ರ ಮೇ 22ರ ಬೆಳಗ್ಗೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಆ ರನ್‌ವೇಯ ತುದಿ ದಾಟಿ ಕಣಿವೆಗೆ ಬಿತ್ತು. 166 ಮಂದಿಯಲ್ಲಿ 158 ಮಂದಿ ಸತ್ತರು. ತನಿಖೆ ಹೇಳಿದ್ದು ಮುಖ್ಯವಾಗಿ ಚಾಲಕನ ತಪ್ಪು ನಿರ್ಧಾರದ ಬಗ್ಗೆ, ಅದನ್ನು ನಾನು ಅಲ್ಲಗಳೆಯುತ್ತಿಲ್ಲ. ಆದರೆ ಬಯಲಿನ ನಿಲ್ದಾಣದಲ್ಲಿ ಅಂಥ ತಪ್ಪು ಹೊಲಕ್ಕೆ ನುಗ್ಗಿ ನಿಲ್ಲುವುದಕ್ಕೂ ಇಲ್ಲಿ ಕಣಿವೆಗೆ ಬೀಳುವುದಕ್ಕೂ ಇರುವ ವ್ಯತ್ಯಾಸ ನೆಲದ್ದೇ.

ಪ್ರಯಾಣಿಕನ ಹೊತ್ತು ಹೋಗುವ ಇನ್ನೊಂದು ಜಾಗ ಬೆಂಗಳೂರಿನ ತುದಿ. 2008ರ ಮೇ 24ರವರೆಗೆ ವಿಮಾನ ಹತ್ತಲು ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯ ಆ ಹಳೆಯ ನಿಲ್ದಾಣಕ್ಕೆ, ಅಂದರೆ ಎಚ್‌ಎಎಲ್‌ಗೆ, ಹೋದರಾಗುತ್ತಿತ್ತು, ಊರಿನ ನಡುವಿನಿಂದ 10–12 ಕಿ.ಮೀ. ಆ ದಿನದಿಂದ ದೇವನಹಳ್ಳಿಗೆ ಹೋಗಬೇಕಾಯಿತು, 35 ಕಿ.ಮೀ. ಹೊಸ ನಿಲ್ದಾಣದ ಒಪ್ಪಂದದ ಷರತ್ತಿನಂತೆ ಎಚ್‌ಎಎಲ್‌ನ ಸಾರ್ವಜನಿಕ ವಿಮಾನ ಸಂಚಾರವನ್ನು ನಿಲ್ಲಿಸಲಾಯಿತು. ಬೆಳೆಯುತ್ತಿದ್ದ ಊರಿಗೆ ದೊಡ್ಡ ನಿಲ್ದಾಣ ಬೇಕಿತ್ತು, ದೆಹಲಿಗೋ ಲಂಡನ್ನಿಗೋ ಹೋಗುವವರಿಗೆ ಇನ್ನೊಂದು ಗಂಟೆ ದೊಡ್ಡದಲ್ಲ. ಮಂಗಳೂರಿನಂಥ ಹತ್ತಿರದ ಊರಿಗೆ ಅದು ಪ್ರಯಾಣವನ್ನೇ ಬದಲಿಸಿತು. ಜಯನಗರದಿಂದಲೋ ರಾಜಾಜಿನಗರದಿಂದಲೋ ಹೊರಟವರಿಗೆ ದಾರಿಗೆ ಒಂದೂವರೆ ಗಂಟೆ, ಹೆಬ್ಬಾಳದ ದಟ್ಟಣೆಗೆ ಸಿಕ್ಕಿದರೆ ಇನ್ನೂ ಹೆಚ್ಚು. ಹೊರಡುವ ಒಂದು ಗಂಟೆ ಮೊದಲೇ ಚೆಕ್–ಇನ್ ಮುಚ್ಚುವುದರಿಂದ ಅದಕ್ಕೂ ಮುಂಚೆ ಅಲ್ಲಿರಬೇಕು. ಬಜ್ಪೆಯಲ್ಲಿ ಇಳಿದು ಊರಿಗೆ ಬರಲು ಮುಕ್ಕಾಲು ಗಂಟೆ. ಎಲ್ಲ ಸೇರಿಸಿದರೆ ಒಂದು ಗಂಟೆಯ ಹಾರಾಟಕ್ಕೆ ನಾಲ್ಕೂವರೆ–ಐದು ಗಂಟೆ. ರಾತ್ರಿ ಬಸ್ಸು ಏಳೆಂಟು ಗಂಟೆಯಲ್ಲಿ ಮನೆಯ ಹತ್ತಿರದಿಂದ ಮನೆಯ ಹತ್ತಿರಕ್ಕೆ ತಲುಪಿಸುತ್ತದೆ, ಆ ಹೊತ್ತಲ್ಲಿ ನಿದ್ದೆಯೂ ಆಗುತ್ತದೆ.

ಹಾಗಿದ್ದರೆ ವಿಮಾನಗಳು ತುಂಬಿಕೊಂಡು ಹಾರುವುದೇಕೆ? ಜನ ಲೆಕ್ಕ ತಿಳಿಯದವರಲ್ಲ. ಬೆಂಗಳೂರಿನಲ್ಲಿ ಇಳಿದು ಅಲ್ಲಿಂದಲೇ ಬೇರೆ ವಿಮಾನ ಹಿಡಿಯುವವರಿಗೆ ದೇವನಹಳ್ಳಿಯ ದೂರ ಬಾಧಿಸುವುದಿಲ್ಲ. ಬೆಳಗ್ಗೆ ಹೋಗಿ ಕಚೇರಿಯ ಕೆಲಸ ಮುಗಿಸಿ ಸಂಜೆ ಮರಳುವವರಿಗೆ ಎರಡು ರಾತ್ರಿಯ ಬಸ್ಸು ಉಳಿಯುತ್ತದೆ. ಕಾಯಿಲೆಯವರಿಗೆ, ವಯಸ್ಸಾದವರಿಗೆ ಘಾಟಿಯ ತಿರುವುಗಳು ಹಿಂಸೆ. ಎಲ್ಲಕ್ಕಿಂತ ದೊಡ್ಡ ಕಾರಣ ಮಳೆಗಾಲದ್ದು. 2018ರ ಆಗಸ್ಟ್‌ನಲ್ಲಿ ಕೊಡಗು ಕುಸಿದಾಗ ಸಂಪಾಜೆಯ ರಸ್ತೆ ಹೋಯಿತು, ಶಿರಾಡಿ ಮುಚ್ಚಿತು, ಸುಬ್ರಹ್ಮಣ್ಯದ ಹಳಿಗಳ ಮೇಲೆ ಗುಡ್ಡ ಜಾರಿ ರೈಲು ನಿಂತಿತು. 2024ರ ಜುಲೈಯಲ್ಲಿ ಎಡಕುಮೇರಿಯ ಬಳಿ ಮತ್ತೆ ಹಳಿಯ ಕೆಳಗಿನ ಮಣ್ಣು ಕುಸಿಯಿತು. ಅಂಥ ವಾರಗಳಲ್ಲಿ ಬೆಂಗಳೂರು ಮತ್ತು ಮಂಗಳೂರಿನ ನಡುವೆ ನಂಬಬಹುದಾದ ದಾರಿ ವಿಮಾನ ಒಂದೇ, ಅದರ ಬೆಲೆ ತೆರಬಲ್ಲವರಿಗೆ.

2021ರಿಂದ ಯಶವಂತಪುರ–ಮಂಗಳೂರು ಹಗಲು ರೈಲಿಗೆ ಗಾಜಿನ ಛಾವಣಿಯ ವಿಸ್ಟಾಡೋಮ್ ಬೋಗಿಗಳನ್ನು ಜೋಡಿಸಿದ್ದಾರೆ, ಪ್ರವಾಸಿಗರು ಘಟ್ಟ ನೋಡಲು ಹೆಚ್ಚು ಹಣ ಕೊಟ್ಟು ಕೂರುತ್ತಾರೆ. ಒಳ್ಳೆಯದೇ. ಆದರೆ ಊರಿಗೆ ಹೋಗಬೇಕಾದವರಿಗೆ ಬೇಕಾದ್ದು ಬೇರೆ: ಮಣ್ಣು ಜಾರದಂತೆ ಕಟ್ಟಿದ ಬದಿಗೋಡೆ, ಘಟ್ಟದ ಭಾಗದಲ್ಲಿ ಎದುರಿನ ರೈಲಿಗೆ ಕಾಯದಂತೆ ಇನ್ನೊಂದು ಜೋಡಿ ಹಳಿ, ಸರಕು ರೈಲಿಗೆ ದಾರಿ ಬಿಡಲು ಪ್ರಯಾಣಿಕರ ರೈಲನ್ನು ನಿಲ್ಲಿಸದ ವೇಳಾಪಟ್ಟಿ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ಗೆ ಎರಡು ಗಂಟೆ ಬೇಕಾಗುವುದರಲ್ಲಿ ಅರ್ಧ ಗಂಟೆ ಉಳಿಸಿದರೂ ಅದು ದಿನಕ್ಕೆ ಕೆಲವು ನೂರು ಜನ ಹಾರುವ ವಿಮಾನದ ಉಳಿತಾಯಕ್ಕಿಂತ ಎಷ್ಟೋ ಹೆಚ್ಚು ಮಂದಿಗೆ ಸಿಗುತ್ತದೆ. ಬಜ್ಪೆಗೆ ರಸ್ತೆ ಅಗಲ ಮಾಡಲು, ದೇವನಹಳ್ಳಿಗೆ ಮೆಟ್ರೊ ಒಯ್ಯಲು ಹಣ ಹುಡುಕುವ ಸರ್ಕಾರಗಳು ಈ 55 ಕಿ.ಮೀ.ಗೂ ಹುಡುಕಬಲ್ಲವು.